ಮೂರನೇ ಕಂಬದ ಅಲಸಂಡೆ

…ಅಲ್ಲ ವಸಂತಿ, ಸಹಿ ಹಾಕಿದರೆ ನಿನಗೆ ತೊಂದರೆ ಅಂತ ಹೇಳಿದ್ದು ಯಾರು? ಕಾರ್ಲ್ ಹೇಳಿ ಕಳಿಸಿದನಾ? ಈ ಫ್ಲಾಸ್ಕು ಅವನ ಮನೆಯದ್ದಾ? ತಲೆ ಆಡಿಸಬೇಡ, ಆ ಹಸಿರು ಮುಚ್ಚಳ ನನಗೆ ಗೊತ್ತುಂಟು. ಗಂಡನನ್ನು ಐಸಿಯುವಿನಲ್ಲಿ ಮಲಗಿಸಿ ಹೆಂಡತಿಗೆ ಚಹಾ ಕಳಿಸುತ್ತಾನೆ. ಕುಡಿಯಬೇಡ ಅದನ್ನು. ಕ್ಯಾಂಟೀನಿನಿಂದ ನಾನು ತಂದು ಕೊಡುತ್ತೇನೆ. ಮೊದಲು ಇದನ್ನು ಕೇಳು.

ಕೆಮ್ಮಣ್ಣಿನಿಂದ ಎರಡು ಬಸ್ಸು ಹತ್ತಿ ಮಣಿಪಾಲಕ್ಕೆ ನಾನು ಬಂದದ್ದು ಸಮಾಧಾನ ಹೇಳಲಿಕ್ಕಲ್ಲ. ಅದಕ್ಕೆ ಬೇರೆ ಜನ ಉಂಟು. ಮೂಸಂಬಿ ತರುತ್ತಾರೆ, ದೇವರಿದ್ದಾನೆ ಅನ್ನುತ್ತಾರೆ, ಹೋಗುತ್ತಾರೆ. ನಾನು ಅರ್ಜಿ ತಂದಿದ್ದೇನೆ. ಪೊಲೀಸರಿಗೆ ಒಂದು, ಪೇಪರಿನವರಿಗೆ ಒಂದು. ಅಕ್ಷರ ಓರೆಯಾಗಿದೆ, ಎಡಗೈ ಬರಹ, ಎಂತ ಮಾಡುವುದು. ಮಲ್ಲಿಗೆ ಕಟ್ಟುವಾಗಲೂ ನೀನು ನಗುತ್ತಿದ್ದೆಯಲ್ಲ, ಬಾಯಮ್ಮನ ಗಂಟು ಉಲ್ಟಾ ಅಂತ. ಗಂಟು ಉಲ್ಟಾ ಆದರೂ ಬಿಗಿ ಉಂಟಲ್ವಾ? ಅರ್ಜಿಯೂ ಹಾಗೇ. ಏಳನೇ ಕ್ಲಾಸು ಓದಿದವಳು ನಾನು. ನಮ್ಮ ಓಣಿಗೆ ದೀಪ ಬಂದದ್ದು ಯಾರ ಅರ್ಜಿಯಿಂದ? ಹೇಳು.

ಓದುತ್ತೇನೆ. "ನಮ್ಮ ನೆರೆಯ ಮಾಧವ ಎಂಬ ಕೂಲಿ ಕೆಲಸದವರಿಗೆ, ಕಾರ್ಲ್ ಎಂಬವರು ತಮ್ಮ ಹಿತ್ತಿಲಿನ ಅಲಸಂಡೆಯ ಹೇನು ಕೊಲ್ಲಲು ಕಡು ವಿಷ ಕೊಟ್ಟು, ಕೈಗೆ ಗವಸು ಇಲ್ಲದೆ, ಮುಖಕ್ಕೆ ಮುಸುಕು ಇಲ್ಲದೆ, ಗಾಳಿ ಬೀಸುವಾಗ ಹೊಡೆಸಿದ್ದರಿಂದ…" ಯಾಕೆ ಕಣ್ಣು ಮುಚ್ಚುತ್ತೀ? ಸುಳ್ಳು ಒಂದು ಅಕ್ಷರ ಉಂಟಾ ಇದರಲ್ಲಿ? ಸೋಮವಾರ ನಿನ್ನ ಮಾಧವ ಅವನ ಗೇಟಿನ ಹತ್ತಿರ ಬಿದ್ದಾಗ ಮೊದಲು ಓಡಿದ್ದು ನಾನು. ಬಾಯಿಯಿಂದ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು. ಆಗ ಕಾರ್ಲ್ ಎಂತ ಮಾಡುತ್ತಿದ್ದ ಗೊತ್ತುಂಟಾ? ಪೈಪು ಹಿಡಿದು ಅಂಗಳ ತೊಳೆಯುತ್ತಿದ್ದ.

ಹೇನಿಗೆ ವಿಷ ಯಾಕೆ ಮಾರಾಯ್ತಿ? ಮುತ್ತಿದ ಕುಡಿಯನ್ನು ಚಿವುಟಿ ಬಕೆಟಿಗೆ ಹಾಕು. ಸಾಬೂನು ನೀರು ಹೊಡಿ, ಎಲೆಯ ಅಡಿಗೆ, ಬೆಳಿಗ್ಗೆ. ಮರುದಿನ ಒಲೆಯ ಬೂದಿ ಉದುರಿಸು. ಬುಡದಲ್ಲಿ ಇರುವೆ ಸಾಲು ಇದ್ದರೆ ಅದನ್ನು ಮೊದಲು ತಪ್ಪಿಸು, ಹೇನನ್ನು ಸಾಕುವುದೇ ಇರುವೆ. ನಾಲ್ಕು ದಿನದಲ್ಲಿ ಬಳ್ಳಿ ಸ್ವಚ್ಛ. ನಲವತ್ತು ವರ್ಷ ನಾನು ಮಾಡಿದ್ದು ಇಷ್ಟೇ.

ಹ್ಞಾಂ, ಮಾಧವ ಕೇಳಿದ್ದ. ಭಾನುವಾರ ಬಂದಿದ್ದ. ನಿನಗೆ ಹೇಳಿದನಾ? ಬಾಗಿಲಿನ ಹತ್ತಿರ ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. "ಬಾಯಮ್ಮ, ಕಾರ್ಲ್ ಪೊರ್ಬುಗಳ ಅಲಸಂಡೆಗೆ ಹೇನು ಬಂದಿದೆ, ನಿಮಗೆ ಮದ್ದು ಗೊತ್ತಲ್ಲ, ಹೇಳುತ್ತೀರಾ?" ಅಂತ. ನಾನು… ಇಗರ್ಜಿಗೆ, ಪೂಜೆಗೆ ಹೊರಟಿದ್ದೆ. ಅವಸರ ಇತ್ತು. ಹಾಗೆ ನೋಡಬೇಡ. ಕಾರ್ಲ್‌ಗೆ ಮದ್ದು ಬೇಕಾದರೆ ಕಾರ್ಲ್ ಬಂದು ಕೇಳಲಿ ಅಂದೆ. ತಪ್ಪಾ?

ಯಾಕೆ ಹೇಳಬೇಕು ಅವನಿಗೆ? ನನ್ನ ಗಂಡನ ತಮ್ಮನಂತೆ, ತಮ್ಮ! ಗಲ್ಫಿನಿಂದ ಬಂದು ಏಳು ಅಡಿ ಗೋಡೆ ಎಬ್ಬಿಸಿದ, ನಡುವಿನ ತೋಡನ್ನು ಮಣ್ಣು ಹಾಕಿ ಮುಚ್ಚಿದ. ಮಳೆನೀರು ಎಲ್ಲಿಗೆ ಹೋಗಬೇಕು? ನನ್ನ ಹಿತ್ತಿಲಿಗೆ. ಅಲಸಂಡೆ ಬುಡದಲ್ಲೇ ಕೊಳೆಯಿತು. ನನ್ನ ಅಮ್ಮ ಮದುವೆಗೆ ಸೆರಗಿನಲ್ಲಿ ಕಟ್ಟಿ ಕೊಟ್ಟ ಬೀಜ ಅದು, ವಸಂತಿ. ಅವನಿಗೂ ಅದೇ ಬೀಜ ಕೊಟ್ಟದ್ದು ನಾನೇ.

ಹೋದ ವರ್ಷದ ಮೊಂತಿ ಹಬ್ಬ, ನಮ್ಮ ಹೊಸ ತೆನೆಯ ಹಬ್ಬ, ನೆನಪುಂಟಾ? ನಿನ್ನನ್ನೂ ಕೂರಿಸಿ ಬಡಿಸಿದ್ದೆನಲ್ಲ. ಆ ದಿನ ನಮಗೆ ಮೀನಿಲ್ಲ, ಮಾಂಸವಿಲ್ಲ. ತರಕಾರಿ ಐದೋ ಏಳೋ, ಬೆಸ ಇರಬೇಕು, ಸ್ವಂತ ಹಿತ್ತಿಲಿನದ್ದು ಇರಬೇಕು. ನನ್ನಲ್ಲಿ ಇದ್ದದ್ದು ನಾಲ್ಕು. ಐದನೆಯದ್ದು ಅವನು ಕಳಿಸಿದ, ನಿನ್ನ ಮಾಧವನ ಕೈಯಲ್ಲಿ. ಒಂದು ಕಟ್ಟು ಅಲಸಂಡೆ. "ಅತ್ತಿಗೆಯ ಊಟ ಬೆಸ ಆಗಲಿ" ಅಂದನಂತೆ. ನನ್ನ ಬೀಜದ ಅಲಸಂಡೆಯನ್ನು ನನಗೇ ಭಿಕ್ಷೆ ಹಾಕಿದ. ಬೇಯಿಸಿದೆ. ನುಂಗಲಿಕ್ಕೆ ಆಗಲಿಲ್ಲ. ಅಂದೇ ಅಂದುಕೊಂಡೆ, ಬರುವ ಹಬ್ಬಕ್ಕೆ ನಿನ್ನ ಮೇಜಿನಲ್ಲಿ ಎಷ್ಟು ತರಕಾರಿ ಇರುತ್ತದೆ ಅಂತ ನಾನು ನೋಡುತ್ತೇನೆ ಕಾರ್ಲ್.

ಅಂದುಕೊಂಡೆ, ಅಷ್ಟೇ. ಮನಸ್ಸಿನಲ್ಲಿ ಯಾರು ಎಂತ ಅಂದುಕೊಳ್ಳುವುದಿಲ್ಲ? ಗೋಡೆ ಎದ್ದ ಮೇಲೆ ಆ ಅಂಗಳಕ್ಕೆ ಕಾಲಿಟ್ಟವಳಲ್ಲ ನಾನು. ದೇವರು ಕೊಟ್ಟ ಹೇನು. ಸೋಣ ತಿಂಗಳಲ್ಲಿ ಮಳೆ ಐದು ದಿನ ಬಿಟ್ಟಿತು, ಬಿಸಿಲು ಬಿತ್ತು, ಮೂರನೇ ಕಂಬದ ಕುಡಿಗೆ ಮೊದಲು ಹತ್ತಿತು, ಅಲ್ಲಿಂದ ಚಪ್ಪರಕ್ಕೆಲ್ಲ…

ಎಂತ?

ಮೂರನೇ ಕಂಬ ಅಂದರೆ… ಗೇಟಿನಿಂದ ಮೂರನೆಯದ್ದು. ಗೋಡೆಯ ಮೇಲಿಂದ ಕಾಣುತ್ತದಲ್ಲ. ಹೌದು, ಏಳು ಅಡಿ. ಸ್ಟೂಲು ಇಟ್ಟರೆ ಕಾಣುತ್ತದೆ. ಬಿಡು, ಹೇನು ಎಲ್ಲಿಂದ ಬಂತು ಎನ್ನುವುದು ವಿಷಯವೇ ಅಲ್ಲ. ವಿಷ ಕೊಟ್ಟವನು ಯಾರು, ಅದು ವಿಷಯ. ಅರ್ಜಿಯಲ್ಲಿ ತಪ್ಪು ಮಾಡಿದವರ ಹೆಸರು ಸ್ಪಷ್ಟ ಇರಬೇಕು. ಹೆಸರಿಲ್ಲದ ಅರ್ಜಿ ಕಡ್ಲೆ ಕಟ್ಟಲಿಕ್ಕೆ ಮಾತ್ರ. ತಗೋ ಪೆನ್ನು. ಇಲ್ಲಿ, ಕೆಳಗೆ, ನಿನ್ನ ಸಹಿ.

ಆ ಚೀಲದಲ್ಲಿ ಎಂತ ಹುಡುಕುತ್ತೀ? ಅವನ ಬಟ್ಟೆಯಾ? ಆಸ್ಪತ್ರೆಯವರು ಕೊಟ್ಟದ್ದಾ? ಮುಟ್ಟಬೇಡ ಮಾರಾಯ್ತಿ, ವಿಷ ತಾಗಿದ ಬಟ್ಟೆ ಅದು. ಸಹಿ ಆಮೇಲೆ ಹಾಕು, ಮೊದಲು ಕೈ ತೊಳೆದುಕೊಂಡು…

ಅದು ಎಂತದ್ದು?

ಅಂಗಿಯ ಕಿಸೆಯಲ್ಲಿತ್ತಾ?

ಒಣಗಿದ ಕುಡಿ. ಅಲಸಂಡೆಯ ಕುಡಿ. ಅದಕ್ಕೆ… ಬಾಳೆನಾರು. ಬಾಳೆನಾರು ಎಲ್ಲರ ಮನೆಯಲ್ಲೂ ಉಂಟು ವಸಂತಿ. ಕೆಮ್ಮಣ್ಣಿನಲ್ಲಿ ಹೂ ಕಟ್ಟುವವರು ಎಷ್ಟು ಜನ. ಯಾರೋ ಬಳ್ಳಿಯನ್ನು ಕಂಬಕ್ಕೆ…

ಗಂಟನ್ನು ನೋಡಬೇಡ. ಗಂಟನ್ನೇ ಯಾಕೆ ನೋಡುತ್ತೀ?

ಆಗಿನ ಹಾಗೆ ನಗಬಾರದಾ ನೀನು, ಉಲ್ಟಾ ಅಂತ?

ಭಾನುವಾರವೇ ಇತ್ತಾ ಇದು? ಅವನು ನನ್ನ ಬಾಗಿಲಿಗೆ ಬಂದಾಗ? ಕಿಸೆಯಲ್ಲಿ ಕೈ… ಇದನ್ನು ಹಿಡಿದುಕೊಂಡೇ ಕೇಳಿದನಾ, ಮದ್ದು ಹೇಳುತ್ತೀರಾ ಅಂತ? ಕಾರ್ಲ್‌ಗೆ ತೋರಿಸಲಿಲ್ಲವಾ? ಯಾರಿಗೂ ಹೇಳಲಿಲ್ಲವಾ? ನನಗೆ ಒಂದು ಅವಕಾಶ ಕೊಡಲಿಕ್ಕೆ ಬಂದಿದ್ದನಾ ಅವನು, ಮತ್ತೆ ನಾನು ಇಗರ್ಜಿಗೆ…

ಹೇನು ಹತ್ತಿದ ಕುಡಿಯನ್ನು ಅಲೆವೂರಿನಿಂದ ತಂದೆ. ತಂಗಿಯ ಹಿತ್ತಿಲಿನಿಂದ. ಬಾಳೆಲೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು. ಕಾರ್ಲ್‌ನ ಮನೆಯವರೆಲ್ಲ ಮದುವೆಗೆ ಹೋದ ದಿನ ಗೇಟು ತೆಗೆದು ಹೋದೆ. ಕುಡಿಗೆ ಕುಡಿ ಕಟ್ಟಿದರೆ ಹೇನು ತಾನಾಗಿ ದಾಟುತ್ತದೆ. ಬಳ್ಳಿ ಮುರುಟಲಿ, ಅವನ ಹಬ್ಬದ ಊಟ ಬೆಸ ತಪ್ಪಿ ಸಮ ಆಗಲಿ, ಅಷ್ಟೇ ಬೇಕಿತ್ತು ನನಗೆ. ಇದು ಮಾಧವನ ಮೈಗೆ ಹೋಗುತ್ತದೆ ಅಂತ… ನಿನ್ನಾಣೆ ವಸಂತಿ. ಅವನ ಹಿತ್ತಿಲಿನ ಕೆಲಸವನ್ನೆಲ್ಲ ಮಾಡುವವನು ಮಾಧವ ಅಂತ ಗೊತ್ತಿತ್ತು. ಗೊತ್ತಿತ್ತು, ಆದರೆ ನೆನಪಿಗೆ ಬರಲಿಲ್ಲ. ಸಿಟ್ಟಿನಲ್ಲಿ ನನಗೆ ಕಾರ್ಲ್‌ನ ಮುಖ ಮಾತ್ರ ಕಾಣುತ್ತಿತ್ತು.

ವಿಷ ಕೊಟ್ಟದ್ದು ಅವನೇ. ಅದು ಸುಳ್ಳಲ್ಲ. ಗವಸು ಕೊಡದೆ ಇದ್ದದ್ದು ಅವನೇ. ಅಲ್ವಾ?

ಬೈಯಿ ಮಾರಾಯ್ತಿ. ಒಂದು ಮಾತಾದರೂ ಬೈಯಿ. ನಾಲ್ಕು ಜನರ ಎದುರು ಬೈಯಿ, ನಾನು ಕೂತು ಕೇಳುತ್ತೇನೆ.

ಪೆನ್ನನ್ನು ನನ್ನ ಕಡೆಗೆ ಯಾಕೆ ದೂಡುತ್ತೀ?

…ಕಾರ್ಲ್‌ನ ಹೆಸರಿನ ಹತ್ತಿರ ಜಾಗ ಉಂಟು. ಒಂದು ಹೆಸರು ಹಿಡಿಯುತ್ತದೆ. ಮೇಲೆ ಬರೆಯಬೇಕಾ, ಕೆಳಗೆ ಬರೆಯಬೇಕಾ?

ಹೇಳು ವಸಂತಿ. ಮೇಲೆಯಾ, ಕೆಳಗೆಯಾ?