ಬೆನ್ನ ಹಿಂದೆ ಕಟ್ಟಿದ ಕೈ

ಒಂದೂರಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ಕೆಲಸದಲ್ಲಿ ಭಾರೀ ಹೆಸರು ಮಾಡಿದ್ದಳು. ಯಾರು, ಏನು ಎಂದು ಕೇಳಬೇಡಿ. ಹೇಳಿದರೆ ನಿಮ್ಮ ಪಕ್ಕದಲ್ಲಿ ಕೂತವರೇ ಆಗಿಬಿಟ್ಟಾರು! ಹನ್ನೆರಡು ಜನರ ತಂಡಕ್ಕೆ ಅವಳೇ ಯಜಮಾನಿ. ಏನೇ ಕೆಟ್ಟು ನಿಂತರೂ ಅವಳು ಬಂದರೆ ಸರಿಹೋಯಿತು ಎನ್ನುವಷ್ಟು ಕೈಚಳಕ.

ನೋಡಿ, ಅವಳ ತೊಂದರೆಯೂ ಅದೇ. ಯಾರಾದರೂ ಸ್ವಲ್ಪ ತಡವರಿಸಿದರೆ ಸಾಕು, "ಸರೀರಿ, ನಾನ್ ಮಾಡ್ತೀನಿ" ಎಂದು ಅವರ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಳ್ಳುವಳು. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಸಹಾಯ ಮಾಡಿದೆನೆಂಬ ಸಂತೋಷ ಅವಳಿಗೆ. ಅವಳ ಮನಸ್ಸು ಕೆಟ್ಟದ್ದಲ್ಲ, ತಾಯಂದಿರೇ, ಖಂಡಿತ ಕೆಟ್ಟದ್ದಲ್ಲ.

ಆ ತಂಡಕ್ಕೆ ಹೊಸದಾಗಿ ಒಬ್ಬಳು ಸೇರಿದ್ದಳು. ಮಗು ಹೆತ್ತು, ನಾಲ್ಕು ವರ್ಷ ಮನೆಯಲ್ಲಿದ್ದು, ಧೈರ್ಯ ಮಾಡಿ ಮತ್ತೆ ಕೆಲಸಕ್ಕೆ ಬಂದವಳು. ಆರೇ ತಿಂಗಳಿಗೆ ರಾಜೀನಾಮೆ ಪತ್ರ ಹಿಡಿದು ಯಜಮಾನಿಯ ಮುಂದೆ ನಿಂತಳು.

"ಯಾಕಮ್ಮ? ನಾನೇನಾದ್ರೂ ಬೈದ್ನಾ?"

"ಬೈದಿದ್ರೆ ತಡ್ಕೋತಿದ್ದೆ ಮೇಡಂ. ಆರು ತಿಂಗಳಲ್ಲಿ ಒಂದೇ ಒಂದು ಕೆಲಸಾನೂ ನಾನು ಮುಗಿಸಿಲ್ಲ. ಎಲ್ಲಾ ನೀವೇ ಮುಗಿಸಿದ್ರಿ. ನನ್ ಕೈಲಿ ಏನೂ ಆಗಲ್ಲ ಅನ್ಸಿಬಿಟ್ಟಿದೆ."

ಆಗ ಯಜಮಾನಿಗೆ ಯಾರು ನೆನಪಾದರು ಗೊತ್ತೇ? ದೊಡ್ಡ ಕಾಲೇಜಿನ ಪ್ರೊಫೆಸರಲ್ಲ. ಹತ್ತನೇ ತರಗತಿಯ ರಜೆಯಲ್ಲಿ ಹಾವೇರಿಯಲ್ಲಿ ಟೈಪಿಂಗ್ ಕಲಿಸಿದ ಟೀಚರಮ್ಮ. ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಹೇಳುವವರು. ಆಗ ಹುಡುಗಿಯಾಗಿದ್ದ ಇವಳು ಹಾಳೆಯ ಮೇಲೆ ಹಾಳೆ ಕೆಡಿಸಿದರೂ ಆ ಕೈ ಮುಂದೆ ಬರುತ್ತಿರಲಿಲ್ಲ. ಒಂದು ದಿನ ಹುಡುಗಿ ಅತ್ತೇಬಿಟ್ಟಳು, "ನೀವ ಒಂದ್ಸಲ ಹೊಡದು ತೋರಸ್ರಿ ಟೀಚರ್!"

"ನನ್ನ ಕೈ ಎಂದೋ ಕಲ್ತಾವ ತಂಗಿ. ಈಗ ಕಲೀಬೇಕಾದ್ದು ನಿನ್ನ ಕೈ. ಅಳೂದಿದ್ರ ಅಳು, ಆದ್ರ ಹೊಡಿ. ನಾ ಇಲ್ಲೇ ನಿಂತೀನಿ."

ನಾ ಇಲ್ಲೇ ನಿಂತೀನಿ! ಆ ಒಂದು ಮಾತು ಅವಳನ್ನು ಇಷ್ಟು ದೂರ ತಂದಿತ್ತು. ಅದನ್ನೇ ಅವಳು ಮರೆತಿದ್ದಳು.

ಪತ್ರವನ್ನು ಓದದೆ ಹಿಂದಕ್ಕೆ ಕೊಟ್ಟಳು. "ಇದನ್ನ ನಾಳೆ ಕೊಡಿ. ಈಗ, ನಿನ್ನೆ ನಾನು ನಿಮ್ಮಿಂದ ಕಿತ್ಕೊಂಡ ಕೆಲಸ ತೆಗೀರಿ, ಮೊದಲಿಂದ ನೀವೇ ಮಾಡಿ" ಎಂದು ಹೊಸಬಳ ಹಿಂದೆ ಕೈಕಟ್ಟಿ ನಿಂತಳು. ಹೊಸಬಳು ತಪ್ಪಿದಳು. ಮತ್ತೆ ತಪ್ಪಿದಳು. ಯಜಮಾನಿಯ ಬೆರಳುಗಳು ಚಡಪಡಿಸಿದವು ನೋಡಿ, ಅವನ್ನು ಬಿಗಿಯಾಗಿ ಹಿಡಿದುಕೊಂಡಳು. ಎರಡು ನಿಮಿಷದ ಕೆಲಸಕ್ಕೆ ಎರಡೂವರೆ ತಾಸು! ಕೊನೆಗೆ ಎಲ್ಲ ಸರಿಯಾದಾಗ ಹೊಸಬಳು ಹಿಂದೆ ತಿರುಗಿ, "ಮೇಡಂ, ನೀವು ಮುಟ್ಟಲೇ ಇಲ್ವಲ್ಲ!" ಎಂದು ಮಗುವಿನ ಹಾಗೆ ನಕ್ಕಳು. ಆ ಪತ್ರ ಏನಾಯಿತು ಅನ್ನುತ್ತೀರಾ? ಅದರ ಹಿಂಬದಿಯಲ್ಲಿ ಮರುದಿನದ ಕೆಲಸ ಬರೆದುಕೊಂಡಳು.

ಈಗ ನಿಮ್ಮ ಮನೆಗೆ ಬರೋಣ. ಸೊಸೆಯ ರೊಟ್ಟಿ ಹರಿದರೆ "ಆಕಡೆ ಸರಿ, ನಾ ಬಡೀತೀನಿ" ಎನ್ನುವವರು ಯಾರು? ಅವ್ವ ಮೊಬೈಲ್ ಹಿಡಿದು, "ಫೋಟೊ ಕಳಸೂದು ಹ್ಯಾಂಗಪಾ?" ಎಂದಾಗ ನೀವು ಏನು ಮಾಡುತ್ತೀರಿ? ಕಿತ್ತುಕೊಂಡು ಕಳಿಸಿಬಿಡುತ್ತೀರಿ. ತಲೆ ತಗ್ಗಿಸಬೇಡಿ, ನಾನೂ ಅದನ್ನೇ ಮಾಡಿದವನು. ಫೋಟೊ ಹೋಗುತ್ತದೆ, ಅದರ ಜೊತೆಗೆ ಅವ್ವನ ಧೈರ್ಯವೂ ಹೋಗುತ್ತದೆ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಳ್ಳಿ. ಅವ್ವ ಹತ್ತು ಸಲ ತಪ್ಪು ಒತ್ತಲಿ. ನೀವು ಹನ್ನೊಂದನೆಯ ಸಲವೂ ಅಲ್ಲೇ ಇರಿ. "ಒತ್ತವ್ವಾ, ನಾ ಇಲ್ಲೇ ನಿಂತೀನಿ" ಎನ್ನಿ.