ಗೋಡೆ ಕಡೆಯ ತುಕ್ಕು

ಬಾವಿ ದಾಟುವಾಗಲೇ ಆ ಸದ್ದು ಕೇಳಿಸಿತು. ಕರ್ರ್... ಕರ್ರ್... ಕರ್ರ್...

ನಗು ಬಂದರೆ ನಗಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಮನೆಯಲ್ಲಿ ಎಲ್ಲರೂ ಅವಳನ್ನು ಜಿಗಣೆ ಅಂತ ಕರೆಯೋದು. ಒಮ್ಮೆ ಹಿಡಿದಳು ಅಂದರೆ ಮುಗೀತು, ಬಿಡೋ ಪೈಕಿ ಅಲ್ಲ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ. ಕೊನೆಯ ರೋಗಿ ಬಾಯಿ ಮುಕ್ಕಳಿಸಿ ಎದ್ದುಹೋದ ಮೇಲೆ ಇಕ್ಕಳ, ಕನ್ನಡಿ ಎಲ್ಲಾ ತೊಳೆದಿಟ್ಟು ಹೊರಡುವಷ್ಟರಲ್ಲಿ ಬೀದಿನಾಯಿಗಳೂ ಮುದುರಿ ಮಲಗಿರುತ್ತಿದ್ದವು.

ಬಾವಿ ಅಂದರೆ ಮನೆ ದಾರಿಯ ಪಾಳುಬಾವಿ. ಮೇಲೆ ಕಬ್ಬಿಣದ ತಗಡು ಮುಚ್ಚಿದ್ದರು. ಗಾಳಿ ಬಂದಾಗ ಅದು ‘ಡೊಂಯ್’ ಅನ್ನುತ್ತಿತ್ತು. ಆ ಸದ್ದು ಅವಳಿಗೆ ಗೊತ್ತು. ಇದು ಅದಲ್ಲ. ಇದು... ಕಬ್ಬಿಣದ ಮೇಲೆ ಉಜ್ಜುಕಾಗದ ಆಡಿಸುವ ಸದ್ದು. ಯಾವ ಅವಸರವೂ ಇಲ್ಲದ ಕೈ. ಬರ್ತಾ ಇದ್ದದ್ದು ಅವಳ ಅಣ್ಣನ ಶೆಡ್ಡಿನಿಂದ.

ಶೆಡ್ಡಿನ ಬೀಗದ ಕೈ ಅವಳ ಚೀಲದಲ್ಲೇ ಇತ್ತು.

ಒಳಗೆ ನಿಂತಿದ್ದದ್ದು ಅವಳ ಹಳೇ ಕ್ಯಾಂಪರ್ ವ್ಯಾನು. ಅದರೊಳಗೇ ಮಂಚ, ಅದರೊಳಗೇ ಒಲೆ. ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯ ಮೂಲೆಕೋಣೆಯಲ್ಲಿ ಅಮ್ಮನ ಪಕ್ಕ ಚಾಪೆ ಹಾಕಿಕೊಂಡಿದ್ದವಳಿಗೆ ‘ಇದು ನಂದು’ ಅನ್ನೋಕೆ ಇದ್ದದ್ದು ಅದೊಂದೇ. ಮಾರಿದ ಮುದುಕಿ ಕೊಡುವಾಗಲೇ ಪಿಸುಗುಟ್ಟಿದ್ದಳು.

“ನಮ್ಮವರು ಅದರಲ್ಲೇ ಹೋದ್ರು ಮಗಳೇ... ಮಲಗಿದ್ದ ಹಾಗೇ. ಬೇರೆಯವರು ಕೈ ಹಚ್ಚಿದ್ರೆ ಅವರಿಗೆ ಆಗಲ್ಲ.”

“ಹೋದವರ ಹತ್ರ ನಾನು ಮಾತಾಡ್ಕೋತೀನಿ ಅಜ್ಜಿ. ನೀವು ಕೀ ಕೊಡಿ.”

ಎಂಜಿನ್ನು ಗಟ್ಟಿ, ಮೈ ಮಾತ್ರ ತುಕ್ಕು. ಅದರಲ್ಲೂ ಗೋಡೆ ಕಡೆಯ ಮಗ್ಗುಲು ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಟೈರು ಇಳಿದುಹೋಗಿತ್ತು, ಮೈ ಸರಿಮಾಡದೆ ಗಾಡಿ ಅಲ್ಲಾಡಿಸಿದರೆ ಆ ಮಗ್ಗುಲೇ ಕಳಚಿ ಬೀಳುವಂತಿತ್ತು. ಆ ಕಡೆ ಗೋಡೆಗೂ ವ್ಯಾನಿಗೂ ನಡುವೆ ಒಂದು ಕೈ ತೂರುವಷ್ಟು ಸಂದು, ಅಷ್ಟೇ. ಅವಳೋ ಜನ್ಮದಲ್ಲಿ ಸುತ್ತಿಗೆ ಹಿಡಿದವಳಲ್ಲ. “ಹುಳುಕು ಕೆರೆದು ತುಂಬೋದನ್ನ ದಿನಾ ನೋಡ್ತೀನಲ್ಲ, ಇದೂ ಅಷ್ಟೇ” ಅಂತ ಒಳಗಿನಿಂದಲೇ ಕೆರೆದು, ತೂತು ಮುಚ್ಚುವ ಪುಟ್ಟಿ ಮೆತ್ತಿದ್ದಳು.

ಅಣ್ಣ ಬಾಗಿಲಲ್ಲಿ ನಿಂತು ಹಂಗಿಸಿದ್ದ. “ವ್ಯಾನಿಗೆ ತುಕ್ಕು ಹಿಡಿದಿಲ್ಲ ಕಣೇ, ತುಕ್ಕಿಗೇ ಒಂದು ವ್ಯಾನು ಅಂಟಿಕೊಂಡಿದೆ. ಭಾನುವಾರ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಓಡಿಸಿದ್ರೆ ನಿಂದು. ಇಲ್ಲಾಂದ್ರೆ ತೂಕಕ್ಕೆ ಹೋಗುತ್ತೆ.”

ಸರಿ... ಆ ಸದ್ದು ಕೇಳಿದ ರಾತ್ರಿ ಬೀಗ ತೆಗೆದಳು. ಸದ್ದು ನಿಂತಿತು. ಬಲ್ಬು ಹಾಕಿದಳು. ಯಾರೂ ಇಲ್ಲ. ಆದರೆ ಹಿಂದಿನ ದಿನ ಮೆತ್ತಿದ ಪುಟ್ಟಿ ಅಷ್ಟೂ ಕಿತ್ತುಬಂದು, ಗಾಯದ ಹಕ್ಕಳೆಯ ಹಾಗೆ ಇಡಿಯಾಗಿ ನೆಲದ ಮೇಲೆ ಬಿದ್ದಿತ್ತು.

ನಾನೇ ಸರಿಯಾಗಿ ಕೆರೆದಿಲ್ಲ ಅಂದುಕೊಂಡಳು. ಮತ್ತೆ ಕೆರೆದಳು, ಮತ್ತೆ ಮೆತ್ತಿದಳು. ಮಾರನೇ ರಾತ್ರಿ ಬಂದು ನೋಡಿದರೆ ಮತ್ತೆ ಅದೇ ಕತೆ. ಈ ಸಲ ಪುಟ್ಟಿ ನೆಲದ ಮೇಲಿರಲಿಲ್ಲ. ವ್ಯಾನಿನ ಮಂಚದ ಮೇಲಿತ್ತು. ದಿಂಬಿನ ಪಕ್ಕ. ದಿಂಬಿನಲ್ಲಿ... ಯಾರೋ ಆಗ ತಾನೆ ತಲೆ ಎತ್ತಿದಂಥ ಗುಂಡಿ.

ಬೇರೆ ಯಾರಾದರೂ ಆಗಿದ್ದರೆ ಬಿದ್ದೆನೋ ಎದ್ದೆನೋ ಅಂತ ಓಡಿರೋರು. ಇವಳು ದಿಂಬನ್ನು ಕೊಡವಿ, ಮಗುಚಿ ಹಾಕಿ ಬಂದಳು!

ಶನಿವಾರ ನೇರ ಗಾಡಿ ಮೈ ರಿಪೇರಿ ಮಾಡುವ ಟಿಂಕರಿಂಗ್ ಅಂಗಡಿಗೆ ಹೋಗಿ ಕೇಳಿದಳು. ಅವನು ಅಂದ, “ಮೆತ್ತಿದ್ರೆ ನಿಲ್ಲಲ್ಲ ಅಕ್ಕ. ಕೊಳೆತದ್ದನ್ನ ಕತ್ತರಿಸಿ ಬಿಸಾಕಿ, ಹೊರಗಿಂದ ಹೊಸ ತಗಡು ಕೂರಿಸಿ, ಒಳಗಿಂದ ರಿವೆಟ್ ಮೊಳೆ ಹೊಡೀರಿ. ಆಚೆಯಿಂದ ಅದುಮಿ ಹಿಡಿಯೋಕೆ ಒಬ್ಬರು ಬೇಕು, ನೋಡಿ.” ಹೊಸ ತಗಡು, ರಿವೆಟ್ಟು ಮಾರಿ, ತಗಡು ಕತ್ತರಿಸುವ ಬ್ಯಾಟರಿ ಗ್ರೈಂಡರು, ಡ್ರಿಲ್ಲು ಎರಡನ್ನೂ ಎರವಲು ಕೊಟ್ಟ.

ರಾತ್ರಿ ಅಣ್ಣನನ್ನು ಕರೆದಳು. “ನಂಗೆ ಬೇರೆ ಕೆಲಸ ಇಲ್ವಾ?” ಅಂದು ಅವನು ಮಗ್ಗುಲು ಬದಲಿಸಿದ.

ಒಬ್ಬಳೇ ಹೋದಳು. ಒಳಗೆ ಕೂತು, ಎಲ್ಲಿ ಕತ್ತರಿಸಬೇಕು ಅಂತ ತಿಳಿಯೋಕೆ ಮೊದಲು ಕೆರೆಯತೊಡಗಿದಳು. ಕರ್ರ್... ಆಚೆಯಿಂದಲೂ, ಕರ್ರ್. ಕರ್ರ್... ಕರ್ರ್. ಅವಳು ಕೈ ನಿಲ್ಲಿಸಿದಳು.

ಆಚೆಯದು ಇನ್ನೂ ಒಂದು ಸಲ ಕೆರೆದು ನಿಂತಿತು.

“ಯಾರು?”

ಟಪ್. ಬಲ್ಬು ಹೋಯಿತು. ಝರ್ರ್... ಧಡ್. ವ್ಯಾನಿನ ಜಾರುಬಾಗಿಲು ತಾನಾಗೇ ಮುಚ್ಚಿಕೊಂಡಿತು. ಆಮೇಲೆ, ತಗಡಿನ ಆಚೆ ಬದಿಯಿಂದ, ಅವಳ ಕಿವಿಯ ನೇರಕ್ಕೇ... ಲೋಟದೊಳಗೆ ಬಾಯಿಟ್ಟು ಮಾತಾಡಿದಂಥ ದನಿ.

“ಬಿಡು...”

“ಬಿಡಲ್ಲ.” ಕ್ಯಾಕರಿಸಿ ಮತ್ತೆ ಹೇಳಿದಳು. “ಬಿಡಲ್ಲ.”

“ನಂದು...”

ಅಷ್ಟು ಅಂದದ್ದೇ ತಡ, ಭಯ ಇದ್ದ ಜಾಗಕ್ಕೆ ಸಿಟ್ಟು ನುಗ್ಗಿತು ನೋಡಿ.

“ನಿಮ್ಮದಾಗಿದ್ರೆ ನೋಡ್ಕೋಬೇಕಿತ್ತು! ಏನು ಗತಿ ಮಾಡಿಟ್ಟಿದ್ದೀರಿ ಇದನ್ನ? ಬಿಡು ಅನ್ನೋರು ನಂಗೆ ಬೇಕಾದಷ್ಟು ಜನ ಇದ್ದಾರೆ. ಗಂಡನ ಮನೇಲಿ ಅಂದ್ರು. ಅಣ್ಣ ಅಂದ. ನೀವೂ ಆ ಸಾಲಿನ ಕೊನೇಲಿ ಹೋಗಿ ನಿಂತ್ಕೊಳ್ಳಿ! ಬೆಳಗಾದ್ರೆ ಗುಜರಿಯವನು ಬಂದು ಇದನ್ನ ಚಚ್ಚಿ ಮುದ್ದೆ ಮಾಡ್ತಾನೆ. ಆಮೇಲೆ ಎಲ್ಲಿ ಮಲಗ್ತೀರಿ? ಹೇಳಿ!”

ದೂರದಲ್ಲಿ ಬಾವಿಯ ತಗಡು ಮಾತ್ರ... ಡೊಂಯ್.

ಅವಳು ಗ್ರೈಂಡರಿನ ಗುಂಡಿ ಒತ್ತಿದಳು. ಝೀಂಯ್... ಅಂತ ಚೀರಿಕೊಂಡು ಕಿಡಿ ಹಾರಿದವು. ಆ ಕಿಡಿಯ ಬೆಳಕಲ್ಲಿ ಕಂಡಿತು. ತುಕ್ಕಿನ ತೂತಿನಿಂದ ನಾಲ್ಕು ಬೆರಳು ಒಳಗೆ ಬಂದು, ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಮುದಿ ಬೆರಳು. ಉಗುರಿನ ಸುತ್ತ ಕೆಂಪು ಪುಡಿ. ಮನುಷ್ಯ ನಿಲ್ಲಲಾಗದ ಸಂದಿನಿಂದ...

ಅವಳು ಗ್ರೈಂಡರು ನಿಲ್ಲಿಸಲಿಲ್ಲ.

“ಕೈ ತೆಗೀರಿ,” ಅಂದಳು. “ತಾಗುತ್ತೆ.”

ಆಮೇಲೆ ಒಂದು ಬೆರಳು ಬಿಟ್ಟಿತು. ಇನ್ನೊಂದು. ಮತ್ತೊಂದು... ಕೈ ಕತ್ತಲಿಗೆ ಸರಿಯಿತು.

ಕೊಳೆತ ತಗಡು ಕಳಚಿ ಖಣಖಣ ಅಂತ ಸಂದಿಗೆ ಬಿತ್ತು. ಮೊಬೈಲಿನ ಟಾರ್ಚ್ ಹಚ್ಚಿಟ್ಟು, ಮೇಲಿನ ಕಿಟಕಿಯಿಂದ ಹೊಸ ತಗಡನ್ನು ತಂತಿ ಕಟ್ಟಿ ಇಳಿಬಿಟ್ಟಳು. ಅದು ಸಂದಿನಲ್ಲಿ ಓಲಾಡಿತು. ಡಬ್... ಡಬ್... ಇವಳು ಒಳಗಿಂದ ಡ್ರಿಲ್ಲು ಒತ್ತಿದರೆ ಅದು ಆಚೆ ಹೋಗುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಆಚೆ. ಅಳು ಬಂದುಬಿಟ್ಟಿತು ಪಾಪ.

“ಸುಮ್ನೆ ನಿಂತು ನೋಡೋ ಬದಲು...” ಅಂತ ಬಾಯಿಬಿಟ್ಟಳು.

ತಗಡು ಓಲಾಡುವುದು ನಿಂತಿತ್ತು. ಮೆಲ್ಲಗೆ ಬಂದು ಅಂಚಿಗೆ ಅಂಚು ಕೂತಿತ್ತು. ಡ್ರಿಲ್ಲು ಒತ್ತಿದಳು. ಅಲ್ಲಾಡಲಿಲ್ಲ. ರಿವೆಟ್ ಹಾಕಿದಳು. ಟಕ್. ಇನ್ನೊಂದು. ಟಕ್. ಬೆಳಗಾಗುವ ತನಕ ಆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಯ ರಿವೆಟ್ ಹೊಡೆದು ಬಾಗಿಲಿಗೆ ಕೈ ಹಾಕಿದರೆ, ಎಣ್ಣೆ ಬಿಟ್ಟ ಹಾಗೆ ಹಗುರವಾಗಿ ಸರಿಯಿತು.

ಟೈರಿಗೆ ಗಾಳಿ ತುಂಬಿ, ಗುಜರಿಯವನ ಲಾರಿ ಬರುವ ಹೊತ್ತಿಗೆ ವ್ಯಾನನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದಳು. ಅಣ್ಣ ಕಣ್ಣುಜ್ಜಿಕೊಳ್ಳುತ್ತಾ ಬಂದ. ಸುತ್ತು ಹಾಕಿದ. ಗೋಡೆ ಕಡೆಗಿದ್ದ ಮಗ್ಗುಲಿಗೆ ಬಂದವನು ಅಲ್ಲೇ ನಿಂತ. ಹೊಳೆಯುವ ಹೊಸ ತಗಡಿನ ಮೇಲೆ ಎರಡು ಅಂಗೈ ಗುರುತು. ಅಗಲವಾದವು. ತುಕ್ಕಿನ ಬಣ್ಣದವು.

“ಇದನ್ನ... ಆಚೆಯಿಂದ ಹಿಡ್ಕೊಂಡೋರು ಯಾರೇ?”

“ಬೇರೆ ಕೆಲಸ ಇಲ್ಲದೋರು,” ಅಂದಳು ಜಿಗಣೆ. ಒಳಗೆ ಹೋಗಿ ಅಮ್ಮನನ್ನು ಎಬ್ಬಿಸಿದಳು. “ಏಳಮ್ಮ. ಸಮುದ್ರ ನೋಡಬೇಕು ಅಂತಿದ್ಯಲ್ಲ. ಹೊರಡು.”

ಗುಜರಿಯವನೇ ಲಾರಿ ಹಿಂದೆ ತೆಗೆದು ದಾರಿ ಬಿಟ್ಟ.

ಇಲ್ಲಿಗೆ ಮುಗೀತು ಅಂದುಕೊಂಡಿರಾ? ಕೇಳಿ. ಆ ರಾತ್ರಿ ತಾಯಿ ಮಗಳು ಸಮುದ್ರದ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಮಂಚದ ಮೇಲೆ ಒಂದೇ ಕಂಬಳಿ ಹೊದ್ದು ಮಲಗಿದರು. ಬಾಗಿಲಿಗೆಲ್ಲಾ ಒಳಗಿನಿಂದ ಚಿಲಕ. ಬೆಳಗ್ಗೆ ದೊಡ್ಡಮ್ಮನಿಗೆ ಮೊದಲು ಎಚ್ಚರವಾಯಿತು. ಚಳಿಗೆ ಗಾಜಿನ ಮೇಲೆಲ್ಲಾ ಒಳಗಿನಿಂದ ಆವಿ ಕಟ್ಟಿ, ಹೊರಗಿನದೇನೂ ಕಾಣುತ್ತಿರಲಿಲ್ಲ. ಮುಂದಿನ ಗಾಜಿನಲ್ಲಿ ಒಂದು ಜಾಗ ಬಿಟ್ಟು. ಡ್ರೈವರ್ ಪಕ್ಕದ ಸೀಟಿನ ಎದುರು, ಕೂತವರ ಕಣ್ಣಿನ ಎತ್ತರಕ್ಕೆ, ಅಂಗೈಯಲ್ಲಿ ಒರೆಸಿದಂತೆ ಒಂದು ಗುಂಡನೆಯ ಸ್ವಚ್ಛ ಜಾಗ. ಅದರಾಚೆ ಸಮುದ್ರ. ಒರೆಸಿದ ಅಂಚಿನಿಂದ ನೀರು ಇನ್ನೂ ಇಳಿಯುತ್ತಿತ್ತು.

ದೊಡ್ಡಮ್ಮ ಸುಳ್ಳು ಹೇಳುವವರಲ್ಲ. ಬೇಕಾದರೆ ಹೋಗಿ ಕೇಳಿ.