ಉಲ್ಜಿನ್‌ನಲ್ಲಿ ಹತ್ತು ನಿಮಿಷ

ಅಧ್ಯಕ್ಷತೆ ವಹಿಸಿರುವ ನಿರ್ದೇಶಕ ನಾಮ್‌ಗುಂಗ್ ಅವರೇ, ಹೂಗುಚ್ಛ ಹಿಡಿದು ಕಾಯುತ್ತಿರುವ ಅತಿಥಿಗಳೇ, ಸ್ಟಿಯರಿಂಗ್ ಹಿಡಿದು ಅಂಗೈ ಗಡುಸಾದ ನನ್ನ ಸಹೋದ್ಯೋಗಿಗಳೇ, ಸಭಿಕರೇ,

ಮೂವತ್ತೊಂದು ವರ್ಷ ಸಾಮ್‌ಚೋಕ್‌ನಿಂದ ಪೋಹಾಂಗ್‌ಗೆ ಬಸ್ಸು ಓಡಿಸಿದ ಈ ತಾಕ್ ಗಿಲ್‌ನಾಮ್‌ಗೆ ನಿವೃತ್ತಿಯ ದಿನ ಎರಡು ಒಳ್ಳೆಯ ಮಾತಾಡಿ ಕೂರಲು ಹೇಳಿದ್ದಾರೆ. "ಹೆಂಗಸರು, ಮಕ್ಕಳು ಇರ್ತಾರೆ. ಆ ಮೂತ್ರದ ವಿಷಯ ಒಂದು ಬೇಡ ಗಿಲ್‌ನಾಮ್ ಅವರೇ," ಎಂದು ನಿರ್ದೇಶಕರು ಬಾಗಿಲಲ್ಲೇ ಎಚ್ಚರಿಸಿದರು. ಕ್ಷಮಿಸಿ, ನಾನು ಅದನ್ನೇ ಮಾತಾಡುತ್ತೇನೆ. ಆ ಹೆಂಗಸರ ಗಂಡಂದಿರಿಗೆ, ಆ ಮಕ್ಕಳ ಅಜ್ಜಂದಿರಿಗೆ ಪ್ರಾಸ್ಟೇಟ್ ಗ್ರಂಥಿ ಇಲ್ಲವೇ?

ಐವತ್ತೈದು ದಾಟಿದ ಮೇಲೆ ನನ್ನ ಆ ಗ್ರಂಥಿ ದಪ್ಪವಾಗತೊಡಗಿತು. ಅವಸರವಾಗುತ್ತದೆ, ಹೋಗಿ ನಿಂತರೆ ಹನಿಹನಿ. ನಮ್ಮದೋ ಮೂರು ಗಂಟೆ ಎಲ್ಲೂ ನಿಲ್ಲದ ಬಸ್ಸು. ನಾನೇನು ಮಾಡಿದೆ? ನೀರು ಕುಡಿಯುವುದನ್ನು ಬಿಟ್ಟೆ. ರಕ್ತದೊತ್ತಡಕ್ಕೆ ಕೊಟ್ಟಿದ್ದ ಮಾತ್ರೆ ಮೂತ್ರ ಹೆಚ್ಚಿಸುತ್ತಿತ್ತು, ಅದನ್ನೂ ಬಿಟ್ಟೆ. "ಮಾತ್ರೆ ತಗೊಂಡ್ರೇನ್ರೀ?" ಎಂದು ಹೆಂಡತಿ ಕೇಳಿದರೆ, "ಹೂಂ ಕಣೇ" ಎಂದು ಹೇಳಿ ಅವಳ ಮೆಣಸಿನ ಕುಂಡದಲ್ಲಿ ಹೂತುಬಿಡುತ್ತಿದ್ದೆ. ಬೊಂಗ್‌ಸುನ್, ನಿನ್ನ ಗಿಡ ಯಾಕೆ ಒಣಗಿತು ಎಂದು ಇವತ್ತು ಗೊತ್ತಾಯಿತಲ್ಲ!

ಹೋದ ಫೆಬ್ರವರಿಯಲ್ಲಿ ನೆಗಡಿಯಾಯಿತು. ಅಂಗಡಿಯಿಂದ ಮಾತ್ರೆ ತಂದು ನುಂಗಿ ಬಸ್ಸು ಹತ್ತಿದೆ. ದಾರಿಯ ನಡುವಿನ ಉಲ್ಜಿನ್ ಹತ್ತಿರ ಬರುವಷ್ಟರಲ್ಲಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಹೊಟ್ಟೆ ಕಲ್ಲಾಯಿತು, ತಲೆ ಸಿಡಿಯಿತು, ಎದುರಿನ ರಸ್ತೆ ಎರಡಾಗಿ ಕಂಡಿತು. ಹಿಂದೆ ಇಪ್ಪತ್ತೆಂಟು ಜೀವ. ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದೆ.

ಒಣಮೀನಿನ ಗಂಟು ಹಿಡಿದಿದ್ದ ಅಜ್ಜಿಯೊಬ್ಬಳು, "ಬಸ್ ಕೆಟ್ಟೋಯ್ತೇನಪ್ಪಾ?" ಎಂದಳು.

"ಬಸ್ಸಲ್ಲ ಅಜ್ಜಿ, ನಾನೇ ಕೆಟ್ಟೋಗಿದೀನಿ."

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಇನ್ನೂರ ಹತ್ತು. ನಳಿಕೆ ಹಾಕಿ ಮೂತ್ರ ತೆಗೆದರು. ವೈದ್ಯೆ ನನ್ನ ಮಗಳ ವಯಸ್ಸಿನವಳು. "ಅಪ್ಪಾಜಿ, ಪ್ರಾಸ್ಟೇಟು, ಬೀಪಿ, ಈ ಎರಡು ಕಾಯಿಲೆ ಈ ವಯಸ್ಸಲ್ಲಿ ಒಟ್ಟೊಟ್ಟಿಗೇ ಕಾಣ್ತವೆ. ಒಂದರಿಂದಾನೇ ಇನ್ನೊಂದು ಬಂತು ಅಂತ ನಾನು ಹೇಳಲ್ಲ. ಆದ್ರೆ ನೆಗಡಿ ಮಾತ್ರೆ ಎರಡನ್ನೂ ಕೆರಳಿಸುತ್ತೆ. ಮೂತ್ರ ಕಟ್ಟಿದ್ರೆ ಒತ್ತಡ ಇನ್ನೂ ಏರುತ್ತೆ. ನಾಚ್ಕೊಂಡು ಸಾಯ್ಬೇಕು ಅಂತಿದ್ರಾ?" ಎಂದು ಗದರಿಸಿದಳು.

ವಾರದಲ್ಲಿ ಸಂಸ್ಥೆಯ ನೋಟಿಸ್ ಬಂತು: ಅನುಮತಿಯಿಲ್ಲದೆ ಬಸ್ಸು ನಿಲ್ಲಿಸಿದ್ದೇಕೆ? ನಳಿಕೆ ಇನ್ನೂ ತೆಗೆದಿರಲಿಲ್ಲ, ಮೂತ್ರದ ಚೀಲ ಸೊಂಟಕ್ಕೆ ಕಟ್ಟಿಕೊಂಡೇ ವಿಚಾರಣೆಗೆ ಹೋದೆ. ಚೀಲವನ್ನು ಮೇಜಿನ ಮೇಲಿಟ್ಟು, "ಇದೇ ನನ್ನ ಉತ್ತರ" ಎಂದೆ. ಬಾಗಿಲ ಹೊರಗೆ ನಿಂತಿದ್ದ ಚಾಲಕರಲ್ಲಿ ಹತ್ತೊಂಬತ್ತು ಮಂದಿ, ತಮಗೂ ಇದೇ ತೊಂದರೆಯೆಂದು ಕೈ ಎತ್ತಿದರು. ಉಲ್ಜಿನ್‌ನಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲತೊಡಗಿದ್ದು ಹಾಗೆ. ಆದೇಶದಲ್ಲಿ ಮಾತ್ರ ಪ್ರಾಯೋಗಿಕವಾಗಿ ಎಂದು ಬರೆದಿದ್ದಾರೆ, ಅಂದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಇಷ್ಟಕ್ಕೆ ಮುಗಿಸಿದರೆ ನಾನು ಶೂರನಾಗುತ್ತೇನೆ. ಆದರೆ ಮೂರನೇ ಸಾಲಿನಲ್ಲಿ ನಮ್ಮ ಹಳೆಯ ಚಾಲಕ ಪ್ಯೋ ಜಾಂಗ್‌ಹೋ ಅಣ್ಣ ಕೂತಿದ್ದಾರೆ. ಒಂಬತ್ತು ವರ್ಷದ ಹಿಂದೆ ಅವರ ಪ್ಯಾಂಟು ಒದ್ದೆಯಾದದ್ದನ್ನು ಕಂಡು ಇಡೀ ಡಿಪೋ ಎದುರು, "ಏನಣ್ಣಾ, ರೇಡಿಯೇಟರ್ ಸೋರ್ತಾ ಇದೆಯಾ?" ಎಂದು ನಗಾಡಿದವನು ನಾನೇ. ಮರುದಿನವೇ ಅವರು ರಾಜೀನಾಮೆ ಕೊಟ್ಟರು. ನನ್ನನ್ನು ಕೊಲ್ಲಹೊರಟಿದ್ದ ನಾಚಿಕೆಯೆಂಬ ರೋಗವನ್ನು ಈ ಡಿಪೋದಲ್ಲಿ ನಾನೇ ಹಬ್ಬಿಸಿದ್ದೆ. ಅಣ್ಣಾ, ಎಲ್ಲರ ಎದುರೇ ನಗಾಡಿದೆ, ಎಲ್ಲರ ಎದುರೇ ತಲೆ ಬಾಗಿಸುತ್ತಿದ್ದೇನೆ. ಕ್ಷಮಿಸುವುದು, ಬಿಡುವುದು ನಿಮ್ಮಿಷ್ಟ.

ನಿರ್ದೇಶಕರೇ, ನಾಳೆಯಿಂದ ನಾನು ನಿಮ್ಮ ನೌಕರನಲ್ಲ, ಪ್ರಯಾಣಿಕ. ಆ ನಿಲುಗಡೆ ರದ್ದಾದ ದಿನ ಟಿಕೆಟ್ ಕೊಂಡು ಚಾಲಕನ ಹಿಂದಿನ ಸೀಟಿನಲ್ಲೇ ಕೂರುತ್ತೇನೆ. ಉಲ್ಜಿನ್ ಬರುತ್ತಲೇ ಎದ್ದು ನಿಂತು, "ನಿಲ್ಸಪ್ಪಾ, ಮೂತ್ರಕ್ಕೆ ಹೋಗ್ಬೇಕು" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತೇನೆ. ಬೇಕಿದ್ದರೆ ಪ್ರತಿದಿನ.

ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.